ಪಂದ್ಯ ಸಾಂಪ್ರಾಸ್‌ಗೆ, ಆಟ ಅಗಾಸ್ಸಿಗೆ

ಪೀಟ್ ಸಾಂಪ್ರಾಸ್ ಮತ್ತು ಆಂಡ್ರೆ ಅಗಾಸ್ಸಿ ವೃತ್ತಿಪರ ಟೆನಿಸ್‌ನಲ್ಲಿ 34 ಸಲ ಮುಖಾಮುಖಿಯಾದರು. 20 ಪಂದ್ಯ ಸಾಂಪ್ರಾಸ್ ಪಾಲಾದವು, 14 ಅಗಾಸ್ಸಿ ಪಾಲಾದವು. ಐದು ಗ್ರ್ಯಾಂಡ್ ಸ್ಲಾಂ ಫೈನಲ್‌ಗಳಲ್ಲಿ ಎದುರಾದಾಗ ಅಗಾಸ್ಸಿಗೆ ದಕ್ಕಿದ್ದು 1995ರ ಆಸ್ಟ್ರೇಲಿಯಾ ಓಪನ್ ಒಂದೇ. ಈ ಲೆಕ್ಕ ಮುಂದಿಟ್ಟು ಚರ್ಚೆ ಮುಗಿಸಿಬಿಡುವವರಿದ್ದಾರೆ. ನನಗೆ ಅಷ್ಟು ಸಾಲದು. ಇವರಿಬ್ಬರು ಅಂಕಣಕ್ಕಿಳಿದಾಗಲೆಲ್ಲ ಎರಡು ಪಂಥಗಳೂ ಎದುರುಬದುರು ನಿಲ್ಲುತ್ತಿದ್ದವು. ಸರ್ವ್ ಮಾಡಿದ ಕೂಡಲೇ ನೆಟ್‌ಗೆ ಓಡಿ ವಾಲಿಯಲ್ಲಿ ಪಾಯಿಂಟ್ ಮುಗಿಸುವ ಹಳೆಯ ಪಂಥ ಒಂದು ಕಡೆ. ಎರಡು ಕೈಯ ಬ್ಯಾಕ್‌ಹ್ಯಾಂಡ್ ನಂಬಿಕೊಂಡು ಬೇಸ್‌ಲೈನ್‌ನಿಂದಲೇ ಎದುರಾಳಿಯನ್ನು ದಣಿಸುವ ಹೊಸ ಪಂಥ ಇನ್ನೊಂದು ಕಡೆ. ಪಂದ್ಯಗಳನ್ನು ಹಳೆಯದು ಗೆದ್ದಿತು, ಕೊನೆಗೆ ಇಡೀ ಆಟವನ್ನೇ ಹೊಸದು ಗೆದ್ದುಕೊಂಡಿತು. ಈ ಎರಡನೇ ಗೆಲುವಿನಲ್ಲಿ ಆಟಗಾರರ ಕೌಶಲಕ್ಕಿಂತ ಹುಲ್ಲು ಮತ್ತು ತಂತಿಯ ಪಾಲೇ ಹೆಚ್ಚು ಎಂಬುದು ನನ್ನ ವಾದ.

ಸಾಂಪ್ರಾಸ್ ಆಟ ರೂಪುಗೊಂಡದ್ದು ಕ್ಯಾಲಿಫೋರ್ನಿಯಾದಲ್ಲಿ, ಪೀಟ್ ಫಿಶರ್ ಎಂಬ ಮಕ್ಕಳ ವೈದ್ಯರ ಕೈಯಲ್ಲಿ. ಹದಿಹರೆಯದ ಹುಡುಗ ಎರಡು ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುತ್ತಿದ್ದ. ಫಿಶರ್ ಅದನ್ನು ಬಿಡಿಸಿ ಒಂದೇ ಕೈಯಲ್ಲಿ ಹೊಡೆಸಿದರು. ಅವರ ಕಣ್ಣೆದುರಿಗಿದ್ದ ಮಾದರಿ ಆಸ್ಟ್ರೇಲಿಯಾದ ರಾಡ್ ಲೇವರ್. ಅಭ್ಯಾಸದಲ್ಲಿ ಇನ್ನೂ ಒಂದು ಕ್ರಮವಿತ್ತು. ಹುಡುಗ ಸರ್ವ್‌ಗೆ ಚೆಂಡನ್ನು ಮೇಲಕ್ಕೆ ಎಸೆದ ಮೇಲಷ್ಟೇ ಅದನ್ನು ಯಾವ ಕಡೆ ಹೊಡೆಯಬೇಕೆಂದು ಫಿಶರ್ ಕೂಗಿ ಹೇಳುತ್ತಿದ್ದರು. ಹೀಗಾಗಿ ಎಲ್ಲ ಸರ್ವ್‌ಗಳಿಗೂ ಎಸೆತ ಒಂದೇ ಆಯಿತು. ಹಳೆಯ ದೃಶ್ಯಗಳನ್ನು ನಿಧಾನಗತಿಯಲ್ಲಿ ನೋಡಿ: ಎಡಗಾಲಿನ ಮುಂಬೆರಳು ನೆಲಬಿಟ್ಟು ಏಳುತ್ತದೆ, ಚೆಂಡು ಅದೇ ಎತ್ತರಕ್ಕೆ, ಅದೇ ಜಾಗಕ್ಕೆ ಹೋಗುತ್ತದೆ. ರ‍್ಯಾಕೆಟ್ ತಾಗುವ ತನಕ ಎದುರಿನವನಿಗೆ ಯಾವ ಸುಳಿವೂ ಇಲ್ಲ.

ಅಗಾಸ್ಸಿಯ ಶಾಲೆ ಬೇರೆ. ಇರಾನ್ ಪರ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಆಡಿದ್ದ ತಂದೆ ಲಾಸ್ ವೇಗಸ್‌ನ ಮನೆಯಂಗಳದಲ್ಲೇ ಅಂಕಣ ಕಟ್ಟಿಸಿ, ಚೆಂಡೆಸೆಯುವ ಯಂತ್ರವನ್ನು ಎತ್ತರಿಸಿ ನಿಲ್ಲಿಸಿದ್ದರು. ಮೇಲಿನಿಂದ ರಭಸವಾಗಿ ಬಂದು ಪುಟಿಯುವ ಚೆಂಡು ತಲೆಯ ಮೇಲೆ ಹಾರಿಹೋಗಬಾರದೆಂದರೆ ಹುಡುಗ ಅದನ್ನು ಏಳುತ್ತಿರುವಾಗಲೇ ಹೊಡೆಯಬೇಕು. ಬೇಸ್‌ಲೈನ್ ಬಿಟ್ಟುಕೊಡದೆ, ಪುಟಿದ ಚೆಂಡು ಪೂರ್ತಿ ಏಳುವ ಮುನ್ನವೇ ಎದುರಾಳಿಯ ಕಾಲಬುಡಕ್ಕೆ ಹಿಂದಿರುಗಿಸುವ ಆ ರಿಟರ್ನ್ ಹುಟ್ಟಿದ್ದು ಅಲ್ಲಿ. ಅದರ ಜೊತೆಗೆ ಎದುರಿನವರನ್ನು ಓದುವ ಕಣ್ಣೂ ಇತ್ತು. ಬೋರಿಸ್ ಬೆಕರ್ ನಾಲಿಗೆ ಚಾಚುವ ರೀತಿಯಿಂದಲೇ ಸರ್ವ್ ಯಾವ ಕಡೆ ಬರುತ್ತದೆಂದು ತಿಳಿಯುತ್ತಿತ್ತು ಎಂದು ಅಗಾಸ್ಸಿ ನಿವೃತ್ತಿಯ ನಂತರ ಹೇಳಿಕೊಂಡಿದ್ದಾರೆ. ಅಂಥ ಕಣ್ಣಿಗೂ ಫಿಶರ್ ಶಿಷ್ಯ ಓದಲು ಏನನ್ನೂ ಬಿಟ್ಟುಕೊಡಲಿಲ್ಲ. ಇವರ ಪೈಪೋಟಿಯ ತಿರುಳು ಇದೇ. ಇಬ್ಬರೂ ಕಸಿಯುತ್ತಿದ್ದದ್ದು ಎದುರಾಳಿಯ ಸಮಯವನ್ನು. ಸಾಂಪ್ರಾಸ್ ಮುಂದೆ ನುಗ್ಗಿ ಕಸಿದರು, ಅಗಾಸ್ಸಿ ನಿಂತಲ್ಲೇ ಬೇಗ ಹೊಡೆದು ಕಸಿದರು.

ಸಾಂಪ್ರಾಸ್ ಎಂದರೆ ಬರೀ ಸರ್ವ್ ಎನ್ನುವವರು 1995ರ ಅಮೆರಿಕ ಓಪನ್ ಫೈನಲ್ಲಿನ ಮೊದಲ ಸೆಟ್ಟನ್ನು ಮತ್ತೊಮ್ಮೆ ನೋಡಬೇಕು. ಆ ಬೇಸಿಗೆಯಲ್ಲಿ ಅಗಾಸ್ಸಿ ಸತತ 26 ಪಂದ್ಯ ಗೆದ್ದು ಬಂದಿದ್ದರು. 4-5ರಲ್ಲಿ ಅಗಾಸ್ಸಿ ಸರ್ವ್, ಸಾಂಪ್ರಾಸ್‌ಗೆ ಸೆಟ್ ಪಾಯಿಂಟ್. 22 ಹೊಡೆತಗಳ ರ‍್ಯಾಲಿ ನಡೆಯಿತು, ಅದೂ ಅಗಾಸ್ಸಿಯ ಸ್ವಂತ ನೆಲವಾದ ಬೇಸ್‌ಲೈನ್‌ನಲ್ಲಿ. ಅಂಕಣದ ಎರಡೂ ಮೂಲೆಗೆ ಓಡಾಡಿಸಿಕೊಂಡ ಸಾಂಪ್ರಾಸ್ ಕೊನೆಗೆ ಅದೇ ಒಂಟಿಕೈ ಬ್ಯಾಕ್‌ಹ್ಯಾಂಡಿನಲ್ಲಿ ಅಡ್ಡಲಾಗಿ ಹೊಡೆದು ಸೆಟ್ ಮುಗಿಸಿದರು. ಅಗಾಸ್ಸಿ ಆ ಹೊಡೆತದಿಂದ ಬಹುಕಾಲ ಚೇತರಿಸಿಕೊಳ್ಳಲಿಲ್ಲ ಎಂದರೆ ತಪ್ಪಾಗಲಾರದು. ಮರುವರ್ಷ ಅಟ್ಲಾಂಟಾದಲ್ಲಿ ಒಲಿಂಪಿಕ್ ಚಿನ್ನ ಬಂತಾದರೂ, 1997ರ ನವೆಂಬರ್ ಹೊತ್ತಿಗೆ ಅವರು ವಿಶ್ವ ರ‍್ಯಾಂಕಿಂಗ್‌ನಲ್ಲಿ 141ನೇ ಸ್ಥಾನಕ್ಕೆ ಜಾರಿದ್ದರು.

ಅಲ್ಲಿಂದ ಎದ್ದು ಬಂದು 1999ರಲ್ಲಿ ಫ್ರೆಂಚ್ ಓಪನ್ ಗೆದ್ದು, ತಿಂಗಳೊಳಗೆ ವಿಂಬಲ್ಡನ್ ಫೈನಲ್ ತಲುಪಿದ್ದು ಟೆನಿಸ್‌ನ ದೊಡ್ಡ ಪುನರಾಗಮನಗಳಲ್ಲೊಂದು. ಅಲ್ಲಿ ಕಾದಿದ್ದವರು ಮತ್ತೆ ಸಾಂಪ್ರಾಸ್. ಮೊದಲ ಸೆಟ್ 3-3, ಸಾಂಪ್ರಾಸ್ ಸರ್ವ್‌ನಲ್ಲಿ 0-40. ಅಗಾಸ್ಸಿಗೆ ಮೂರು ಬ್ರೇಕ್ ಪಾಯಿಂಟ್. ಮೂರನ್ನೂ ಉಳಿಸಿಕೊಂಡ ಸಾಂಪ್ರಾಸ್ ಮುಂದಿನ ಗೇಮ್‌ನಲ್ಲೇ ಎದುರಾಳಿಯ ಸರ್ವ್ ಮುರಿದರು. 6-3, 6-4, 7-5. ಸರ್ವ್-ವಾಲಿ ಪಂಥ ತಲುಪಿದ ಅತಿ ಎತ್ತರದ ಜಾಗ ಆ ಮಧ್ಯಾಹ್ನ ಎಂದು ನಾನು ನಂಬಿದ್ದೇನೆ.

ಎರಡೂ ಪಂಥಗಳು ಸಮಸಮವಾಗಿ ನಿಂತದ್ದು ಮಾತ್ರ 2001ರ ಅಮೆರಿಕ ಓಪನ್ ಕ್ವಾರ್ಟರ್ ಫೈನಲ್‌ನಲ್ಲಿ. 6-7, 7-6, 7-6, 7-6. ನಾಲ್ಕು ಸೆಟ್‌ಗಳ 48 ಗೇಮ್‌ಗಳಲ್ಲಿ ಒಂದೇ ಒಂದು ಸರ್ವ್ ಮುರಿಯಲಿಲ್ಲ. ಗೆದ್ದದ್ದು ಸಾಂಪ್ರಾಸ್. ನಾಲ್ಕನೇ ಟೈಬ್ರೇಕರ್‌ಗೆ ಮುನ್ನ ನ್ಯೂಯಾರ್ಕ್‌ನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಇಬ್ಬರಿಗೂ ಸೇರಿ.

ಆ ಹೊತ್ತಿಗಾಗಲೇ ಒಂದು ಪಂಥದ ಬುಡ ಸಡಿಲವಾಗಿತ್ತು. 1994ರಲ್ಲಿ ಸಾಂಪ್ರಾಸ್ ಮತ್ತು ಇವಾನಿಸೆವಿಚ್ ಆಡಿದ ವಿಂಬಲ್ಡನ್ ಫೈನಲ್‌ನಲ್ಲಿ ರ‍್ಯಾಲಿಗಳೇ ಇಲ್ಲವೆಂಬ ಕೂಗೆದ್ದಿತ್ತು. ಆ ದೂರು ಸುಳ್ಳಲ್ಲ. ಬರೀ ಏಸ್‌ಗಳ ಆಟ ನೋಡುಗರಿಗೆ ಬೇಸರವೇ. 2001ರಲ್ಲಿ ವಿಂಬಲ್ಡನ್ ತನ್ನ ಅಂಕಣಗಳಿಗೆ ಪೂರ್ತಿ ರೈ ಹುಲ್ಲನ್ನೇ ಬಿತ್ತಿತು. ಬಾಳಿಕೆಗಾಗಿ ಎಂಬುದು ಕ್ಲಬ್ ಕೊಟ್ಟ ಕಾರಣ. ಆದರೆ ನೆಲ ಗಟ್ಟಿಯಾಗಿ ಚೆಂಡು ಮೊದಲಿಗಿಂತ ಎತ್ತರಕ್ಕೆ ಪುಟಿಯತೊಡಗಿತು, ರಿಟರ್ನ್ ಮಾಡುವವನ ಸೊಂಟದ ಮಟ್ಟಕ್ಕೆ ಬಂದು ನಿಂತಿತು. 2002ರ ಫೈನಲ್ ಆಡಿದ ಹೆವಿಟ್, ನಲ್ಬಾಂದಿಯನ್ ಇಬ್ಬರೂ ಬೇಸ್‌ಲೈನ್ ಆಟಗಾರರು. ಇದರ ಜೊತೆಗೆ ಬಂದದ್ದು ಪಾಲಿಯೆಸ್ಟರ್ ತಂತಿ. ಎಷ್ಟೇ ಜೋರಾಗಿ ಬೀಸಿದರೂ ಚೆಂಡು ಸುತ್ತುತ್ತ ಗೆರೆಯೊಳಗೇ ಇಳಿಯುತ್ತದೆ, ನೆಟ್ ಬಳಿ ನಿಂತವನ ಪಾದದೆದುರು. ಅಗಾಸ್ಸಿ 2002ರಲ್ಲಿ ಆ ತಂತಿಗೆ ಬದಲಾದರು. ಸಾಂಪ್ರಾಸ್ ತಮ್ಮ ಪುಟ್ಟ ರ‍್ಯಾಕೆಟ್ಟನ್ನೂ ಕರುಳಿನ ತಂತಿಯನ್ನೂ ಕೊನೆಯವರೆಗೆ ಬಿಡಲಿಲ್ಲ. ಅದೇ ವರ್ಷ ಅಮೆರಿಕ ಓಪನ್ ಫೈನಲ್‌ನಲ್ಲಿ ಅವರು ಅಗಾಸ್ಸಿಯನ್ನು ಇನ್ನೊಮ್ಮೆ ಸೋಲಿಸಿದರು. ವೃತ್ತಿಯಲ್ಲಿ ಅದೇ ಅವರ ಕೊನೆಯ ಪಂದ್ಯ, 14ನೇ ಗ್ರ್ಯಾಂಡ್ ಸ್ಲಾಂ.

ಅಗಾಸ್ಸಿಯ ಪರ ಹೇಳಲೇಬೇಕಾದದ್ದು ಒಂದಿದೆ. ಅವರ ಎಂಟು ಪ್ರಶಸ್ತಿಗಳು ನಾಲ್ಕೂ ಗ್ರ್ಯಾಂಡ್ ಸ್ಲಾಂಗಳಿಂದ ಬಂದವು. ಹುಲ್ಲು ಪೂರ್ತಿ ವೇಗವಾಗಿದ್ದ 1992ರಲ್ಲೇ, ಫೈನಲ್‌ನಲ್ಲಿ 37 ಏಸ್ ಸಿಡಿಸಿದ ಇವಾನಿಸೆವಿಚ್‌ರನ್ನು ಮಣಿಸಿ ವಿಂಬಲ್ಡನ್ ಗೆದ್ದವರು ಅವರು. ಸಾಂಪ್ರಾಸ್ ಪ್ಯಾರಿಸ್‌ನಲ್ಲಿ ಒಮ್ಮೆಯೂ ಫೈನಲ್ ತಲುಪಲಿಲ್ಲ. ಒಂದು ನೆಲದಲ್ಲಿ ಯಾರು ದೊಡ್ಡವರು ಎಂದರೆ ನಾನು ಸಾಂಪ್ರಾಸ್ ಎನ್ನುತ್ತೇನೆ. ಎಲ್ಲ ನೆಲಗಳಿಗೂ ಹೊಂದುವ ಆಟ ಯಾರದು ಎಂದರೆ ಅಗಾಸ್ಸಿಯದು. ಆದರೆ ಅವರ ಹೆಸರಿನಲ್ಲಿ ಬೆಳೆದ ಬೇಸ್‌ಲೈನ್ ಪಂಥ ಅವರ ಧೈರ್ಯವನ್ನು ಪೂರ್ತಿ ಉಳಿಸಿಕೊಂಡಿಲ್ಲ. ಗೆರೆಯಿಂದ ಮಾರುದೂರ ಹಿಂದೆ ಸರಿದು ರಿಟರ್ನ್ ಮಾಡುವವರೇ ಇಂದು ಬಹಳ. ಗೆರೆಗೆ ಅಂಟಿ ನಿಂತು ಏಳುವ ಚೆಂಡನ್ನೇ ಹೊಡೆಯುವ ಕಲೆಯನ್ನು ನೇರವಾಗಿ ಮುಂದುವರಿಸಿದವರು ನೊವಾಕ್ ಜೊಕೊವಿಚ್.

ಸರ್ವ್-ವಾಲಿ ಡಬಲ್ಸ್‌ನಲ್ಲಿ ಉಸಿರು ಹಿಡಿದಿದೆ. 2024ರ ಆಸ್ಟ್ರೇಲಿಯಾ ಓಪನ್ ಡಬಲ್ಸನ್ನು 43ನೇ ವಯಸ್ಸಿನಲ್ಲಿ ಗೆದ್ದ ಕೊಡಗಿನ ರೋಹನ್ ಬೋಪಣ್ಣ ಅವರ ಬಲವೂ ಆ ಸರ್ವ್ ಮತ್ತು ನೆಟ್ ಬಳಿಯ ಆಟವೇ. ಸಿಂಗಲ್ಸ್‌ನಲ್ಲಿ ಅದಕ್ಕೆ ಮನಸ್ಸಿದ್ದವರಿಗೂ ನೆಲ ಒದಗಿ ಬರಲಿಲ್ಲ. 2001ರ ವಿಂಬಲ್ಡನ್ ನಾಲ್ಕನೇ ಸುತ್ತಿನಲ್ಲಿ 19 ವರ್ಷದ ರೋಜರ್ ಫೆಡರರ್ ಸಾಂಪ್ರಾಸ್‌ರನ್ನು ಐದು ಸೆಟ್‌ಗಳಲ್ಲಿ ಸೋಲಿಸಿದ್ದು ಸರ್ವ್-ವಾಲಿಯಿಂದಲೇ. ಕೆಲವೇ ವರ್ಷಗಳಲ್ಲಿ ಅದೇ ಫೆಡರರ್, ಅದೇ ಸೆಂಟರ್ ಕೋರ್ಟ್‌ನಲ್ಲಿ, ಹೆಚ್ಚಿನ ಪಾಯಿಂಟ್‌ಗಳನ್ನು ಬೇಸ್‌ಲೈನ್‌ನಿಂದ ಆಡುತ್ತಿದ್ದರು.