ವಿಳಾಸಮಾರ್ಗಗಳ ಅನುಕ್ರಮ: ಒಂದು ವಿಮರ್ಶೆ

ಎಎಸ್‌ಪಿ ಡಾಟ್ ನೆಟ್ ವ್ಯವಸ್ಥೆಯಲ್ಲಿ ಹಳೆಯ ವೆಬ್ ಫಾರ್ಮ್ಸ್ ಪುಟಗಳೂ 2009ರಲ್ಲಿ ಬಂದ ಎಂವಿಸಿ ಪದ್ಧತಿಯೂ ಒಂದೇ ಜಾಲತಾಣದಲ್ಲಿ ಕೂಡಿರಬಲ್ಲವು. 2010ರ ನಾಲ್ಕನೆಯ ಆವೃತ್ತಿಯಿಂದೀಚೆಗೆ ಹಳೆಯ ಪುಟಕ್ಕೂ ‘ಮ್ಯಾಪ್‌ಪೇಜ್‌ರೂಟ್’ ಎಂಬ ವಿಧಾನದಿಂದ ಹೊಸ ವಿಳಾಸವನ್ನು ಕೊಡುವುದು ಸುಲಭವಾಯಿತು. ಮಾರ್ಗಗಳ ಪಟ್ಟಿಯಲ್ಲಿ ಮೊದಲು ಹೊಂದಿದ ಮಾರ್ಗವೇ ಗ್ರಾಹ್ಯ. ಆದುದರಿಂದ ವಿಶೇಷವು ಮೊದಲು, ಸಾಮಾನ್ಯವು ಕೊನೆಗೆ ಎಂಬುದು ರೂಢಸೂತ್ರವಾಗಿದೆ. ಈ ಸೂತ್ರವು ಅರ್ಧಸತ್ಯವೆಂಬುದು ನಮ್ಮ ಅಭಿಪ್ರಾಯ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ಮಲೆನಾಡ ತಾಲ್ಲೂಕುಗಳ ವಿವರಗಳುಳ್ಳ ಒಂದು ತಾಣವನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳೋಣ. ಅಲ್ಲಿ ಮಳೆಯ ವರದಿಯು ವೆಬ್ ಫಾರ್ಮ್ಸ್ ಪುಟ. ತಾಲ್ಲೂಕುಗಳ ಪರಿಚಯವು ಎಂವಿಸಿಯದು. ‘ವರದಿ/ಮಳೆ’ ಎಂಬ ಮಾರ್ಗವನ್ನು ಸೂತ್ರದಂತೆ ಮೊದಲಿಗಿಟ್ಟರೆ ಬರುವ ಓದುಗನಿಗೆ ತೊಂದರೆಯಿಲ್ಲ. ಕೊನೆಗಿಟ್ಟರೆ ಎಂವಿಸಿಯ ಸಾಮಾನ್ಯಮಾರ್ಗವು ಅದನ್ನು ತನ್ನದೆಂದು ಹಿಡಿದು, ‘ವರದಿ’ ಎಂಬ ನಿಯಂತ್ರಕವನ್ನು ಹುಡುಕಿ, ಕಾಣದೆ, 404 ಎಂದು ಉತ್ತರಿಸುತ್ತದೆ.

ಆದರೆ ಅದೇ ಪಟ್ಟಿಯು ವಿಳಾಸಗಳನ್ನು ಓದುವುದಲ್ಲದೆ ರಚಿಸುವುದೂ ಉಂಟು. ಎಂವಿಸಿ ಪುಟವೊಂದು ಕೊಪ್ಪದ ಪರಿಚಯಕ್ಕೆ ಕೊಂಡಿಯನ್ನು ಬೇಡಿದಾಗ ಮತ್ತೆ ಮೊದಲಿನಿಂದಲೇ ಶೋಧನೆ ನಡೆಯುತ್ತದೆ. ‘ವರದಿ/ಮಳೆ’ಯಲ್ಲಿ ತುಂಬಬೇಕಾದ ಸ್ಥಾನವೊಂದೂ ಇಲ್ಲವಾದ ಕಾರಣ ಅದು ಯಾವ ಬೇಡಿಕೆಗಾದರೂ ಒಪ್ಪುತ್ತದೆ, ನಿಯಂತ್ರಕದ ಹೆಸರನ್ನೂ ಕ್ರಿಯೆಯ ಹೆಸರನ್ನೂ ಪ್ರಶ್ನಚಿಹ್ನೆಯ ಮುಂದೆ ಬಾಲದಂತೆ ಅಂಟಿಸಿಕೊಳ್ಳುತ್ತದೆ. ಕೊಪ್ಪವನ್ನು ಒತ್ತಿದವನು ಮಳೆಯ ವರದಿಗೆ ಹೋಗಿ ನಿಲ್ಲುತ್ತಾನೆ. ದೋಷದ ಸೂಚನೆ ಎಲ್ಲಿಯೂ ಕಾಣದು. ಇದೇ ಇದರ ಅಪಾಯ.

ಪರಿಹಾರವು ಅನುಕ್ರಮವನ್ನು ತಿರುಗಿಸುವುದರಲ್ಲಿಲ್ಲ. ಮಾರ್ಗಕ್ಕೊಂದು ಹೆಸರಿಟ್ಟು, ಕೊಂಡಿಯು ಆ ಹೆಸರಿನ ಮಾರ್ಗವನ್ನೇ ಕೇಳುವಂತೆ ಮಾಡಬಹುದು. ಇಲ್ಲವೆ, ಬರುವಾಗ ಒಪ್ಪಿ ಹೊರಡುವಾಗ ನಿರಾಕರಿಸುವ ನಿಬಂಧನೆಯನ್ನು ಪುಟಮಾರ್ಗಕ್ಕೆ ಸೇರಿಸಬಹುದು.

ಇಲ್ಲಿ ನರಸಿಂಹರಾಜಪುರದ ಹೆಸರೇ ಒಳ್ಳೆಯ ಪಾಠ. ಹಿಂದೆ ಅದು ಎಡೇಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಆಮೇಲೆ ತಳೆಯಿತು. ಜನರ ಬಾಯಲ್ಲಿ ಎನ್.ಆರ್. ಪುರವಾಗಿದೆ. ಮೂರರಲ್ಲಿ ಯಾವುದನ್ನು ಬರೆದು ಬಂದವನನ್ನೂ ತಾಣವು ಬರಮಾಡಿಕೊಳ್ಳಬೇಕು. ತಾನು ಬರೆಯುವಾಗ ಮಾತ್ರ ಒಂದೇ ಹೆಸರನ್ನು ಬರೆಯಬೇಕು. ಹಳೆಯ ಪುಟಗಳ ಸ್ಥಿತಿಯೂ ಹಾಗೆಯೇ. ಕಡತವು ನಿಜವಾಗಿ ಇರುವಲ್ಲಿ ವ್ಯವಸ್ಥೆಯು ತಾನಾಗಿ ಮಾರ್ಗಪಟ್ಟಿಯನ್ನು ಬಿಟ್ಟು ಕಡತವನ್ನೇ ತೆರೆಯುತ್ತದೆ. ಅದರಿಂದ ಹಳೆಯ ವಿಳಾಸವನ್ನು ಬರೆದಿಟ್ಟುಕೊಂಡವನೂ ಬರಿಗೈಯಲ್ಲಿ ಹಿಂದಿರುಗನು.

ವೆಬ್ ಫಾರ್ಮ್ಸ್ ಪದ್ಧತಿಯು 2016ರ ಎಎಸ್‌ಪಿ ಡಾಟ್ ನೆಟ್ ಕೋರ್‌ಗೆ ಬರಲಿಲ್ಲ. ಹಾಗಾಗಿ ಈ ಬೆರಕೆಯು ಹಳೆಯ ತಾಣಗಳನ್ನು ಮೆಲ್ಲಮೆಲ್ಲನೆ ನವೀಕರಿಸುವವರ ಪಾಲಿನದು. ಅವರು ಪ್ರತಿಯೊಂದು ಮಾರ್ಗವನ್ನೂ ಎರಡು ದಿಕ್ಕಿನಿಂದ ಪರೀಕ್ಷಿಸತಕ್ಕದ್ದು: ಬರುವ ವಿಳಾಸಕ್ಕೆ ಔದಾರ್ಯ, ಹೊರಡುವ ವಿಳಾಸಕ್ಕೆ ನಿಷ್ಕೃಷ್ಟತೆ.