‘ಗುಲಾಮಗಿರಿ’ಯ ಅರ್ಪಣೆಯ ಪುಟ

ಹಡಪಸರ ದಾಟಿ ದಿವೇ ಘಾಟ್ ಹತ್ತಿದರೆ ಸಾಸವಡ. ಪುಣೆಯ ಕನ್ನಡಿಗರಿಗೆ ಇದು ಜೇಜುರಿಗೆ ಹೋಗುವಾಗ ಚಹಾಕ್ಕೆ ನಿಲ್ಲುವ ಊರು. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬಾ. ಇದೇ ಪುರಂದರ ತಾಲೂಕಿನ ಖಾನವಡಿ ಜ್ಯೋತಿಬಾ ಫುಲೆಯವರ ಹಿರಿಯರು ನೆಲೆಸಿದ್ದ ಹಳ್ಳಿ. ದೀಪಾವಳಿ ರಜೆಯಲ್ಲಿ ಸಾಸವಡದಲ್ಲಿ ಉಳಿದಿದ್ದಾಗ ಅವರ ‘ಗುಲಾಮಗಿರಿ’ಯನ್ನು (1873) ಮತ್ತೆ ಓದಿದೆ. ಮೊದಲ ಓದಿನಲ್ಲಿ ಹಾಗೇ ಮಗುಚಿಬಿಟ್ಟಿದ್ದ ಅರ್ಪಣೆಯ ಪುಟ ಈ ಸಲ ತಡೆದು ನಿಲ್ಲಿಸಿತು.

ಫುಲೆ ಈ ಪುಸ್ತಕವನ್ನು ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದಾರೆ. ಕರಿಯ ಗುಲಾಮರ ವಿಷಯದಲ್ಲಿ ಆ ಜನ ತೋರಿದ ನಿಸ್ವಾರ್ಥ ತ್ಯಾಗವನ್ನು ಮೆಚ್ಚಿ, ತಮ್ಮ ದೇಶದವರೂ ಶೂದ್ರ ಬಾಂಧವರ ಬಿಡುಗಡೆಗೆ ಅದೇ ದಾರಿ ಹಿಡಿಯಲಿ ಎಂದು ಹಾರೈಸಿದ್ದಾರೆ. ಪುಣೆಯಲ್ಲಿ ಕೂತು ಅಷ್ಟು ದೂರ ನೋಡಿದ ಕಣ್ಣಿಗೆ ಕೈಮುಗಿಯಬೇಕು. ಆದರೆ ಆ ‘ನಿಸ್ವಾರ್ಥ’ ಎಂಬ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಯಾಕೆಂದರೆ ಅಮೆರಿಕ ಗುಲಾಮಗಿರಿಯನ್ನು ಬಿಟ್ಟುಕೊಟ್ಟದ್ದು ಎಪ್ಪತ್ತು ವರ್ಷಗಳ ರಾಜಿಗಳ ನಂತರ. 1787ರಲ್ಲಿ ಸಂವಿಧಾನ ಬರೆದವರು ಸಂಸತ್ತಿನ ಸೀಟು ಹಂಚಲು ಒಬ್ಬ ಗುಲಾಮನನ್ನು ಐದರಲ್ಲಿ ಮೂರು ಪಾಲು ಮನುಷ್ಯ ಎಂದು ಲೆಕ್ಕ ಹಿಡಿದರು. ಓಟು ಅವನಿಗಿಲ್ಲ, ಅವನಿಂದ ಹೆಚ್ಚಿದ ಸೀಟು ಒಡೆಯರಿಗೆ. 1820ರಲ್ಲಿ ಮಿಸ್ಸೂರಿಯನ್ನು ಗುಲಾಮ ರಾಜ್ಯವಾಗಿ, ಮೇನ್ ಪ್ರಾಂತವನ್ನು ಸ್ವತಂತ್ರ ರಾಜ್ಯವಾಗಿ ಸೇರಿಸಿಕೊಂಡು, ಪಶ್ಚಿಮದ ಉಳಿದ ನೆಲದ ಮೇಲೆ 36 ಡಿಗ್ರಿ 30 ಮಿನಿಟ್ ಅಕ್ಷಾಂಶದಲ್ಲಿ ಗೆರೆ ಎಳೆದರು. 1850ರಲ್ಲಿ ಕ್ಯಾಲಿಫೋರ್ನಿಯಾ ಸ್ವತಂತ್ರವಾಯಿತು. ಅದಕ್ಕೆ ಬದಲಾಗಿ, ಓಡಿಹೋದ ಗುಲಾಮರನ್ನು ಉತ್ತರದವರೂ ಹಿಡಿದುಕೊಡಬೇಕೆಂಬ ಕಠಿಣ ಕಾಯ್ದೆ ಬಂತು. 1854ರಲ್ಲಿ ಕಾನ್ಸಾಸ್-ನೆಬ್ರಾಸ್ಕಾ ಕಾಯ್ದೆ ಹಳೆಯ ಗೆರೆಯನ್ನೇ ಅಳಿಸಿತು, ಕಾನ್ಸಾಸ್‌ನಲ್ಲಿ ರಕ್ತ ಹರಿಯಿತು. 1861ರಲ್ಲಿ ಯುದ್ಧ.

ಈ ಒಂದೊಂದು ರಾಜಿಯೂ ಆ ಹೊತ್ತಿಗೆ ಜಾಣತನವಾಗಿಯೇ ಕಂಡಿತ್ತು. ರಾಜಿ ಮಾಡಿಸುವುದೇ ನನ್ನ ಕಸುಬು. ಎರಡೂ ಕಡೆಯವರು ಸ್ವಲ್ಪ ಸೋತು ಎದ್ದರೆ ಮೀಟಿಂಗ್ ಗೆದ್ದಂತೆ ಎಂದು ನಂಬಿದವನು ನಾನು. ಈ ಪಟ್ಟಿ ನೋಡಿದಾಗ ಮಾತ್ರ ಎದೆ ಭಾರವಾಯಿತು. ಉತ್ತರದವರು, ದಕ್ಷಿಣದವರು ಇಬ್ಬರೂ ಬಿಟ್ಟುಕೊಟ್ಟದ್ದು ಮೇಜಿನ ಬಳಿ ಇಲ್ಲದವರ ಪಾಲನ್ನು.

ಬಿಡುಗಡೆಯಲ್ಲೂ ಸಜ್ಜನರದಷ್ಟೇ ಪಾತ್ರವಿರಲಿಲ್ಲ. 1860ರ ಚುನಾವಣೆಯಲ್ಲಿ ಲಿಂಕನ್ ಹೇಳಿದ್ದು ಹೊಸ ಪ್ರಾಂತಗಳಿಗೆ ಗುಲಾಮಗಿರಿ ಹಬ್ಬಬಾರದು ಎಂದಷ್ಟೇ. ಇದ್ದಲ್ಲಿ ಅದನ್ನು ಮುಟ್ಟುವುದಿಲ್ಲ ಎಂದಿದ್ದರು. ಯುದ್ಧದಲ್ಲಿ ಗುಲಾಮರು ತಾವೇ ತೋಟ ಬಿಟ್ಟು ಓಡಿಬಂದರು. ಸುಮಾರು 1,80,000 ಕರಿಯರು ಉತ್ತರದ ಸೈನ್ಯ ಸೇರಿ ಹೋರಾಡಿದರು. ಫುಲೆಯವರ ಅರ್ಪಣೆಯಲ್ಲಿ ಇವರಿಗೆ ಜಾಗವಿಲ್ಲ.

ಇದು ಕೊಂಕಲ್ಲ. ಪುಸ್ತಕದ ಒಳಗೆ ಹೋದರೆ ಫುಲೆಯವರೇ ಇಂಥ ಓದನ್ನು ಕಲಿಸುತ್ತಾರೆ. ಧೋಂಡಿಬಾ ಮತ್ತು ಜೋತಿರಾವ್ ಸಂವಾದದಲ್ಲಿ ವಾಮನನ ಕಥೆ ಬರುತ್ತದೆ. ಪುರಾಣದಲ್ಲಿ ಅದು ದಾನ: ಬಲಿ ಕೇಳಿದ್ದನ್ನು ಕೊಟ್ಟ, ವಾಮನ ಮೂರು ಹೆಜ್ಜೆ ಅಳೆದ. ಭೂಮಿಯನ್ನೆಲ್ಲ ಮುಚ್ಚುವ ಹೆಜ್ಜೆಯ ಕೆಳಗಿದ್ದ ಊರುಗಳ ಗತಿಯೇನು ಎಂದು ಫುಲೆ ಲೇವಡಿ ಮಾಡುತ್ತಾರೆ. ಅವರ ಪ್ರಕಾರ ಅದು ದಾನವಲ್ಲ, ದಾಳಿ. ಬಲಿ ಯುದ್ಧದಲ್ಲಿ ಬಿದ್ದ ನ್ಯಾಯವಂತ ರಾಜ, ಜೇಜುರಿಯ ಖಂಡೋಬಾ ಅವನ ಅಧಿಕಾರಿ. ಗೆದ್ದವರು ಹೇಳಿದ ‘ಒಪ್ಪಂದ’ವನ್ನು ಇಷ್ಟು ಚೆನ್ನಾಗಿ ಬಿಚ್ಚಿಟ್ಟವರು ಅಮೆರಿಕದ ಕಥೆಯನ್ನು ಗೆದ್ದವರ ಬಾಯಲ್ಲೇ ಕೇಳಿ ನಂಬಿದರಲ್ಲ ಎಂಬುದು ನನ್ನ ತಕರಾರು.

ಇನ್ನೊಂದು ಮಾತು. ರಾಜಿ ನಮ್ಮಲ್ಲೂ ನಡೆದಿತ್ತು. 1800–01ರಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ನಮ್ಮ ಕರಾವಳಿಯಲ್ಲಿ ಹೊಲದಾಳುಗಳನ್ನು ಕೊಂಡು ಮಾರುವುದನ್ನು ಬರೆದಿಟ್ಟಿದ್ದಾನೆ. ಕಂಪನಿ ಸರ್ಕಾರದ 1843ರ ಐದನೇ ಕಾಯ್ದೆ ಗುಲಾಮರ ಮೇಲಿನ ಒಡೆತನವನ್ನು ಕೋರ್ಟು ಮಾನ್ಯ ಮಾಡುವುದಿಲ್ಲ ಎಂದಿತು; ಇಟ್ಟುಕೊಳ್ಳುವುದು ಅಪರಾಧ ಎನ್ನಲಿಲ್ಲ. ಅದಕ್ಕೆ 1860ರ ದಂಡಸಂಹಿತೆ ಬರಬೇಕಾಯಿತು. ಸಾಲದ ಹೆಸರಿನ ಜೀತ ಕಾನೂನಿನಲ್ಲಿ ರದ್ದಾಗಲು 1976ರವರೆಗೆ ಕಾಯಬೇಕಾಯಿತು. ಒಡೆಯರ ಮನಸ್ಸು ನೋಯದಂತೆ ನಿಧಾನವಾಗಿ ಬಿಡಿಸಿದ್ದರ ಬೆಲೆ ಇದು.

ಹಾಗಾದರೆ ಆ ಅರ್ಪಣೆ ತಪ್ಪೇ? ಪೂರ್ತಿ ಅಲ್ಲ. ಅದು ಅಮೆರಿಕದ ಇತಿಹಾಸ ಬರೆಯಲು ಹೊರಟ ಪುಟವಲ್ಲ, ತನ್ನ ದೇಶದವರ ಮುಂದೆ ಹಿಡಿದ ಕನ್ನಡಿ. ಅಮೆರಿಕದವರು ಆ ಹೊಗಳಿಕೆಗೆ ತಕ್ಕಂತೆ ಬಾಳಲಿಲ್ಲ: 1877ರಲ್ಲಿ, ಪುಸ್ತಕ ಬಂದ ನಾಲ್ಕೇ ವರ್ಷಕ್ಕೆ, ಅಧ್ಯಕ್ಷ ಪದವಿಯ ಜಗಳವನ್ನು ಇತ್ಯರ್ಥ ಮಾಡಿಕೊಂಡು ದಕ್ಷಿಣದಲ್ಲಿ ಕರಿಯರ ಹಕ್ಕಿಗೆ ಕಾವಲಿದ್ದ ಸೈನ್ಯವನ್ನು ಹಿಂದೆ ಕರೆಸಿಕೊಂಡರು. ಮತ್ತೆ ರಾಜಿ, ಮತ್ತೆ ಅದೇ ಜನರ ಪಾಲಿನಿಂದ.

ಆ ಸಂಜೆ ಸಾಸವಡದ ಮನೆಗಳ ಮುಂದೆ ಬಲಿಪಾಡ್ಯಮಿಯ ದೀಪ ಹಚ್ಚುತ್ತಿದ್ದರು. ಬಲಿಯ ರಾಜ್ಯ ಬರಲಿ ಎಂದು ಇಲ್ಲಿಯ ಹೆಂಗಸರು ಆರತಿ ಎತ್ತುತ್ತಾರೆ, ನಮ್ಮ ತುಳುನಾಡಿನಲ್ಲಿ ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಮೂರು ಹೆಜ್ಜೆಯಲ್ಲಿ ಎಲ್ಲ ಕಳಕೊಂಡವನನ್ನು ಎರಡೂ ಕಡೆಯ ಜನ ಇನ್ನೂ ಮರೆತಿಲ್ಲ. ಸೋಮವಾರ ಆಫೀಸಿಗೆ ಹೋದಾಗ ಮೊದಲ ಮೀಟಿಂಗ್‌ನ ಹೆಸರುಪಟ್ಟಿ ತೆಗೆದು, ಯಾರನ್ನು ಕರೆದಿಲ್ಲ ಎಂದು ನೋಡಿದೆ.