‘ಪಾರ್ಟಿಕಲ್ ಫೀವರ್’: ಕಣ ಸಿಕ್ಕಿತು, ಸಿಕ್ಕಿದ್ದು ಹೇಗೆ?

ವಿದ್ಯಾರ್ಥಿಗಳಿಗೆ ಕಣಭೌತವಿಜ್ಞಾನವನ್ನು ಪರಿಚಯಿಸಲು ಒಳ್ಳೆಯ ಸಾಕ್ಷ್ಯಚಿತ್ರ ಯಾವುದೆಂದು ಕೇಳಿದರೆ ‘ಪಾರ್ಟಿಕಲ್ ಫೀವರ್’ (2013) ಹೆಸರು ಬೇಗ ನೆನಪಾಗುತ್ತದೆ. ಅದರ ನಿರ್ದೇಶಕ ಮಾರ್ಕ್ ಲೆವಿನ್ಸನ್ ಸ್ವತಃ ಕಣಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 27 ಕಿ.ಮೀ. ಸುತ್ತಳತೆಯ ಯಂತ್ರವೊಂದು ಪ್ರೋಟಾನ್‌ಗಳನ್ನು ಎದುರುಬದುರಾಗಿ ಡಿಕ್ಕಿ ಹೊಡೆಸುತ್ತದೆ. ಅದರ ಹೆಸರು ಲಾರ್ಜ್ ಹ್ಯಾಡ್ರಾನ್ ಕೊಲೈಡರ್. 2008ರ ಸೆಪ್ಟೆಂಬರ್ 10ರಂದು ಅದು ಚಾಲನೆಗೊಂಡಿತು. ಒಂಬತ್ತೇ ದಿನಗಳಲ್ಲಿ ಅಯಸ್ಕಾಂತಗಳ ನಡುವಿನ ವಿದ್ಯುತ್ ಜೋಡಣೆಯೊಂದು ಕೆಟ್ಟು, ಹೀಲಿಯಂ ಸೋರಿ, ಯಂತ್ರ ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಈ ಹಿನ್ನಡೆಯನ್ನು ಮರೆಮಾಚದೆ ತೋರಿಸಿರುವುದು ಚಿತ್ರದ ದೊಡ್ಡ ಗುಣ.

ಕೊರತೆ ಇರುವುದು ಕೊನೆಯ ಭಾಗದಲ್ಲಿ. 2012ರ ಜುಲೈ 4ರಂದು ಹಿಗ್ಸ್ ಕಣದ ಘೋಷಣೆಯಾಗುತ್ತದೆ. ಸಭಾಂಗಣದಲ್ಲಿ ಚಪ್ಪಾಳೆ, ಪೀಟರ್ ಹಿಗ್ಸ್ ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಆ ಕಣವನ್ನು ನೋಡಿದವರು ಯಾರು? ಯಾರೂ ಇಲ್ಲ. ಹುಟ್ಟಿದೊಡನೆ ಅದು ಬೇರೆ ಕಣಗಳಾಗಿ ಒಡೆಯುತ್ತದೆ. ಸಾವಿರ ಹಿಗ್ಸ್ ಕಣಗಳಲ್ಲಿ ಸುಮಾರು ಎರಡು ಮಾತ್ರ ಫೋಟಾನ್ ಜೋಡಿಗಳಾಗುತ್ತವೆ. ಅಂಥ ಜೋಡಿಗಳು ಬೇರೆ ಕ್ರಿಯೆಗಳಿಂದಲೂ ಹೇರಳವಾಗಿ ಹುಟ್ಟುವುದರಿಂದ, ಯಾವುದೇ ಒಂದನ್ನು ತೋರಿಸಿ ‘ಇದೇ ಹಿಗ್ಸ್’ ಎನ್ನುವಂತಿಲ್ಲ. ಪ್ರತಿ ಜೋಡಿಯ ಶಕ್ತಿ ಮತ್ತು ಕೋನಗಳಿಂದ ರಾಶಿಯನ್ನು ಲೆಕ್ಕಹಾಕಿ ನಕ್ಷೆ ಬರೆದಾಗ, 125 ಗಿಗಾ ಎಲೆಕ್ಟ್ರಾನ್ ವೋಲ್ಟ್‌ನ ಬಳಿ ಸಣ್ಣದೊಂದು ಉಬ್ಬು ಕಾಣುತ್ತದೆ. ಅಟ್ಲಾಸ್, ಸಿಎಂಎಸ್ ಎಂಬ ಎರಡು ತಂಡಗಳು ಬೇರೆಬೇರೆಯಾಗಿ ಅದನ್ನು ಕಂಡದ್ದೇ ಪುರಾವೆ. ಚಿತ್ರ ಈ ತರ್ಕದ ಬಳಿ ನಿಲ್ಲದೆ ಮುಂದೆ ಸಾಗುತ್ತದೆ.

ಬದಲಿಗೆ ಅದು ಕುತೂಹಲ ಕಟ್ಟುವುದು ಎರಡು ಸಂಖ್ಯೆಗಳ ಮೇಲೆ: 115 ಬಂದರೆ ಸೂಪರ್‌ಸಿಮೆಟ್ರಿ, 140 ಬಂದರೆ ಬಹುವಿಶ್ವ. ಬಂದದ್ದು ನಡುವಿನ ಸಂಖ್ಯೆ. ಪ್ರಕೃತಿಯ ಪ್ರಶ್ನೆಪತ್ರಿಕೆಯಲ್ಲಿ ಎರಡೇ ಆಯ್ಕೆಗಳಿರುತ್ತವೆ ಎಂಬ ಭಾವನೆ ವಿದ್ಯಾರ್ಥಿಯಲ್ಲಿ ಉಳಿಯಬಾರದು.

ಆದರೂ ಚಿತ್ರವನ್ನು ತೋರಿಸಿ. ಅದಕ್ಕೆ ಮೊದಲು ತರಗತಿಯಲ್ಲಿ ನಾಣ್ಯವೊಂದನ್ನು 100 ಸಲ ಚಿಮ್ಮಿಸಿ. 55 ಸಲ ತಲೆ ಬಿದ್ದರೆ ಯಾರೂ ನಾಣ್ಯವನ್ನು ಸಂಶಯಿಸರು. 75 ಸಲ ಬಿದ್ದರೆ? ಸರಿಯಾದ ನಾಣ್ಯದಲ್ಲಿ 75 ಅಥವಾ ಅದಕ್ಕಿಂತ ಹೆಚ್ಚು ತಲೆ ಬೀಳುವ ಸಂಭವ ಸುಮಾರು 35 ಲಕ್ಷಕ್ಕೆ ಒಂದು. ಹೊಸ ಕಣ ಸಿಕ್ಕಿತೆನ್ನಲು ಭೌತವಿಜ್ಞಾನಿಗಳು ಕೇಳುವ ‘ಐದು ಸಿಗ್ಮಾ’ ಖಚಿತತೆ ಇಷ್ಟೇ ಕಟ್ಟುನಿಟ್ಟಿನದು. ಇದನ್ನು ಅರಿತ ವಿದ್ಯಾರ್ಥಿಗೆ ಆ ಚಪ್ಪಾಳೆ ಯಾವುದಕ್ಕೆಂಬುದು ತಾನಾಗಿಯೇ ತಿಳಿಯುತ್ತದೆ.